ತರ್ಕಶಾಸ್ತ್ರದಲ್ಲಿ ಆಟ: ಗೆಲವೂ ಜಯೋಪಾಯವೂ

೧

ತರ್ಕಶಾಸ್ತ್ರದಲ್ಲಿಯೂ ಗಣಕಶಾಸ್ತ್ರದಲ್ಲಿಯೂ ಕಳೆದ ನೂರು ವರ್ಷಗಳಿಂದೀಚೆಗೆ ಪಾಶ್ಚಾತ್ಯ ವಿದ್ವಾಂಸರು ರಚಿಸಿರುವ ಗ್ರಂಥಗಳನ್ನು ಪರಿಶೀಲಿಸುವವರಿಗೆ ಒಂದು ಸಂಗತಿಯು ಮೊದಲಲ್ಲಿಯೇ ಆಶ್ಚರ್ಯವನ್ನುಂಟುಮಾಡುವುದು. ಸತ್ಯ, ಅನುಮಾನ, ಅರ್ಥ ಮುಂತಾದ ಗಂಭೀರವಿಷಯಗಳನ್ನು ವಿವೇಚಿಸುವ ಆ ಗ್ರಂಥಗಳಲ್ಲಿ ಮತ್ತೆಮತ್ತೆ ‘ಆಟ’ದ ಮಾತು ಬರುವುದು. ಒಂದು ವಾಕ್ಯವು ಸತ್ಯವೆಂದರೇನು ಎಂದು ಕೇಳಿದರೆ ಇಬ್ಬರು ಆಟಗಾರರನ್ನು ತಂದು ನಿಲ್ಲಿಸುವರು. ಎರಡು ವಸ್ತುಸಮೂಹಗಳಿಗೆ ಭೇದವುಂಟೇ ಇಲ್ಲವೇ ಎಂದರೂ ಅದೇ ಇಬ್ಬರು ಬರುವರು. ಯಂತ್ರಕ್ಕೆ ಕೊಟ್ಟ ಕ್ರಮವಿಧಿಯು ನಿರ್ದುಷ್ಟವೇ ಎಂದು ಕೇಳಿದರೂ ಅವರೇ ಪುನಃ ಮಣೆಯ ಮುಂದೆ ಕುಳಿತಿರುವರು.

ಇದನ್ನು ಕುರಿತು ನಮ್ಮ ಪಂಡಿತವರ್ಗದಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುವುವು. ಮೊದಲನೆಯದು: ಇದರಲ್ಲಿ ಹೊಸದೇನೂ ಇಲ್ಲ, ಗೌತಮರ ನ್ಯಾಯಸೂತ್ರಗಳಲ್ಲಿ ಹೇಳಿರುವ ವಾದ, ಜಲ್ಪ, ವಿತಂಡಾ ಎಂಬ ಕಥೆಗಳೇ ಅಲ್ಲಿ ಬೇರೆ ವೇಷದಿಂದ ಬಂದಿವೆ ಎಂಬುದು. ಎರಡನೆಯದು: ಆಟವೆಂಬುದು ಅಲ್ಲಿ ಕೇವಲ ರೂಪಕಾಲಂಕಾರ, ಮಕ್ಕಳಿಗೆ ಕಥೆ ಹೇಳಿ ಪಾಠ ಕಲಿಸುವಂತೆ ಅವರು ಆಟದ ಮಾತನ್ನು ಹೇಳುವರು, ಅಲಂಕಾರವನ್ನು ಕಳೆದರೆ ಶಾಸ್ತ್ರಕ್ಕೆ ಯಾವ ಹಾನಿಯೂ ಇಲ್ಲ ಎಂಬುದು. ಈ ಎರಡು ಪಕ್ಷಗಳನ್ನೂ ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ. ಮೊದಲನೆಯ ಪಕ್ಷವು ಸ್ವದೇಶಾಭಿಮಾನದಿಂದ ಹುಟ್ಟಿದುದಾದರೂ ನಮ್ಮ ಶಾಸ್ತ್ರಕ್ಕೇ ಅನ್ಯಾಯ ಮಾಡುವುದೆಂದೂ, ಎರಡನೆಯದು ಕೆಲವು ಸ್ಥಳಗಳಲ್ಲಿ ಮಾತ್ರ ದಿಟವೆಂದೂ ನಮ್ಮ ಮತ.

೨

ಮೊದಲು ಪದವಿಚಾರ. ಪಾಣಿನೀಯ ಧಾತುಪಾಠದಲ್ಲಿ ‘ದಿವ್’ ಧಾತುವಿಗೆ ಹತ್ತು ಅರ್ಥಗಳನ್ನು ಹೇಳಿದೆ. ಅವುಗಳಲ್ಲಿ ಕ್ರೀಡೆ, ಗೆಲ್ಲಬೇಕೆಂಬ ಇಚ್ಛೆ, ವ್ಯವಹಾರ ಎಂಬ ಮೂರೂ ಸೇರಿವೆ. ಆದರೆ ಅದರಿಂದ ಹುಟ್ಟಿದ ‘ದ್ಯೂತ’ ಶಬ್ದದಲ್ಲಿ ಪಣದ ವಾಸನೆಯೇ ಹೆಚ್ಚು. ‘ಕ್ರೀಡಾ’ ಶಬ್ದದಲ್ಲಿ ವಿನೋದದ ವಾಸನೆಯೇ ಹೆಚ್ಚು. ಕನ್ನಡದ ‘ಆಡು’ ಧಾತುವು ಈ ವಿಷಯದಲ್ಲಿ ಹೆಚ್ಚು ಉಪಕಾರಿ. ಚದುರಂಗವನ್ನೂ ಆಡುವೆವು, ಮಾತನ್ನೂ ಆಡುವೆವು. ಓಡಾಡು, ಹೊಯ್ದಾಡು ಎಂಬಲ್ಲಿ ಒಂದರ ಮೇಲೊಂದಾಗಿ ನಡೆಯುವ ಕ್ರಿಯೆಯೂ ಅದರಿಂದಲೇ ತೋರುವುದು. ಮಾತು, ನಡೆ, ಸ್ಪರ್ಧೆ ಮೂರೂ ಒಂದೇ ಧಾತುವಿನಲ್ಲಿ ಸೇರಿರುವುದರಿಂದ ಈ ಶಾಸ್ತ್ರಕ್ಕೆ ‘ಕ್ರೀಡೆ’ ಎಂಬುದಕ್ಕಿಂತ ‘ಆಟ’ ಎಂಬ ದೇಶ್ಯಶಬ್ದವೇ ಸಮುಚಿತವಾದುದು.

ಈ ಶಾಸ್ತ್ರದಲ್ಲಿ ಆಟವೆಂದರೆ ಸಾಮಾನ್ಯವಾಗಿ ಇಷ್ಟು: ಇಬ್ಬರು ಆಟಗಾರರು, ಯಾರು ಯಾವಾಗ ಯಾವ ನಡೆಯನ್ನು ನಡೆಸಬಹುದೆಂಬ ನಿಯಮಗಳು, ಆಟ ಮುಗಿದಾಗ ಗೆದ್ದವರಾರು ಎಂಬುದನ್ನು ಸಂಶಯವಿಲ್ಲದೆ ಹೇಳುವ ಲಕ್ಷಣ. ಪಗಡೆಯಲ್ಲಿರುವಂತೆ ದಾಳದ ದೈವಯೋಗವಾಗಲಿ, ಇಸ್ಪೀಟಿನಲ್ಲಿರುವಂತೆ ಮರೆಮಾಚಿದ ಎಲೆಗಳಾಗಲಿ ಇಲ್ಲಿ ಸಾಮಾನ್ಯವಾಗಿ ಇಲ್ಲ. ಆದುದರಿಂದ ಚದುರಂಗ, ಆಡುಹುಲಿ ಮುಂತಾದುವೇ ಇದಕ್ಕೆ ದೃಷ್ಟಾಂತ.

ಇಲ್ಲಿ ಎರಡು ಮಾತುಗಳನ್ನು ಎಚ್ಚರದಿಂದ ಬೇರ್ಪಡಿಸಬೇಕು. ಒಂದು ಬಾರಿ ಕುಳಿತು ಆಡಿ ಗೆದ್ದರೆ ಅದು ‘ಗೆಲವು’. ಎದುರಾಳಿಯು ಯಾವ ನಡೆಯನ್ನು ನಡೆಸಿದರೂ ಅದಕ್ಕೆ ಪ್ರತಿಯಾಗಿ ಇಂಥ ನಡೆಯನ್ನೇ ನಡೆಸಬೇಕೆಂದು ಮೊದಲಿನಿಂದ ಕೊನೆಯವರೆಗೆ ವಿಧಿಸಿ, ಅದನ್ನು ಅನುಸರಿಸಿದವನಿಗೆ ಸೋಲೇ ಇಲ್ಲದಂತೆ ಮಾಡಿ ಗೆಲವನ್ನು ಕೊಡುವ ನಿಯಮವೊಂದಿದ್ದರೆ ಅದಕ್ಕೆ ‘ಜಯೋಪಾಯ’ವೆಂದು ಹೆಸರಿಡೋಣ. ಗೆಲವು ಆಟಗಾರನ ಗುಣ. ಜಯೋಪಾಯವು ಆಟದ ಗುಣ. ಗೆಲವಿಗೆ ಎದುರಾಳಿಯ ಮರವೆಯೂ ಕಾರಣವಾಗಬಹುದು. ಜಯೋಪಾಯಕ್ಕೆ ಎದುರಾಳಿಯು ಬೃಹಸ್ಪತಿಯೇ ಆದರೂ ಭಯವಿಲ್ಲ. ಈ ಲೇಖನದ ಮುಂದಿನ ವಿಚಾರವೆಲ್ಲ ಈ ಒಂದು ಭೇದವನ್ನೇ ಆಶ್ರಯಿಸಿದೆ.

೧೯೧೩ರಲ್ಲಿ ಜರ್ಮನ್ ಗಣಿತಜ್ಞ ಎರ್ನ್ಸ್ಟ್ ಜೆರ್ಮೆಲೋ ಚದುರಂಗವನ್ನು ಕುರಿತು ಪ್ರಕಟಿಸಿದ ಒಂದು ಸಣ್ಣ ಪ್ರಬಂಧದಿಂದ ಈ ಭೇದವು ಶಾಸ್ತ್ರೀಯವಾಯಿತು. ಅದರ ತಾತ್ಪರ್ಯ: ಚದುರಂಗದಲ್ಲಿ ಬಿಳಿಯ ಕಾಯಿಯವನಿಗೆ ಜಯೋಪಾಯವುಂಟು, ಇಲ್ಲವೇ ಕರಿಯ ಕಾಯಿಯವನಿಗೆ ಉಂಟು, ಇವೆರಡೂ ಅಲ್ಲವಾದರೆ ಇಬ್ಬರಿಗೂ ಸೋಲದಂತೆ ಆಡುವ ಉಪಾಯವುಂಟು. ಈ ಮೂರರಲ್ಲಿ ಒಂದು ದಿಟವೆಂಬುದು ನಿಶ್ಚಿತ. ಯಾವುದು ದಿಟವೆಂಬುದು ಇಂದಿಗೂ ಯಾರಿಗೂ ತಿಳಿಯದು. ‘ಉಂಟು’ ಎಂಬ ಜ್ಞಾನಕ್ಕೂ ‘ಇದೇ’ ಎಂಬ ಜ್ಞಾನಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತವು ದೊರೆಯುವುದು ಕಷ್ಟ.

ಚದುರಂಗದ ಮಣೆಯನ್ನು ಶಾಸ್ತ್ರಕ್ಕೂ ಕಾವ್ಯಕ್ಕೂ ಉಪಯೋಗಿಸಿದವರು ನಮ್ಮವರೇ ಮೊದಲಿಗರಲ್ಲವೇ ಎಂದು ಕೆಲವರು ಕೇಳಬಹುದು. ರುದ್ರಟನ ಕಾವ್ಯಾಲಂಕಾರದಲ್ಲಿ ತುರಗಬಂಧವಿರುವುದೂ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಿಂದ ಅರವತ್ತನಾಲ್ಕು ಮನೆಗಳನ್ನೂ ತುಂಬುವ ಬಂಧಗಳಲ್ಲಿ ಆಸಕ್ತರಾಗಿದ್ದುದೂ ದಿಟವೇ. ಆದರೆ ತುರಗಬಂಧದಲ್ಲಿ ಎದುರಾಳಿಯಿಲ್ಲ. ಕವಿಯು ಒಬ್ಬನೇ ಕುಳಿತು ಬಿಡಿಸುವ ಒಗಟು ಅದು. ಎದುರಾಳಿಯ ಪ್ರತಿಯೊಂದು ನಡೆಗೂ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳುವುದೇ ಜಯೋಪಾಯವಾದುದರಿಂದ ತುರಗಬಂಧವು ಈ ಪ್ರಸ್ತಾವಕ್ಕೆ ಸೇರದು.

೩

ವಾಕ್ಯಾರ್ಥವಿಚಾರದಲ್ಲಿ ಆಟವನ್ನು ಬಹಳವಾಗಿ ಬಳಸಿದವರು ಫಿನ್ಲೆಂಡಿನ ಯಾಕ್ಕೋ ಹಿಂಟಿಕ್ಕಾ. ೧೯೬೮ರಲ್ಲಿ ಬರೆದ ಪ್ರಬಂಧದಲ್ಲಿಯೂ ೧೯೭೩ರ ಗ್ರಂಥದಲ್ಲಿಯೂ ಅವರು ಪ್ರತಿಪಾದಿಸಿದ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ‘ಪ್ರತಿಯೊಂದು ಸಂಖ್ಯೆಗೂ ಅದಕ್ಕಿಂತ ದೊಡ್ಡದಾದ ಸಂಖ್ಯೆಯೊಂದುಂಟು’ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ವಾಕ್ಯವನ್ನು ಸಮರ್ಥಿಸುವವನು ವಾದಿ. ಅದನ್ನು ಕೆಡಹಲು ನೋಡುವವನು ಪ್ರತಿವಾದಿ. ‘ಪ್ರತಿಯೊಂದು’ ಎಂಬ ಮಾತು ಬಂದಾಗ ಪ್ರತಿವಾದಿಯು ತನಗಿಷ್ಟವಾದ ಸಂಖ್ಯೆಯನ್ನು ಆರಿಸುವನು. ‘ಒಂದುಂಟು’ ಎಂಬ ಮಾತು ಬಂದಾಗ ವಾದಿಯು ಆರಿಸುವನು. ಪ್ರತಿವಾದಿಯು ನೂರೆಂದರೆ ವಾದಿಯು ನೂರೊಂದೆನ್ನುವನು; ಅವನು ಸಾವಿರವೆಂದರೆ ಇವನು ಸಾವಿರದೊಂದು. ‘ಒಂದು ಸೇರಿಸು’ ಎಂಬುದೇ ವಾದಿಯ ಜಯೋಪಾಯ. ಆದುದರಿಂದ ವಾಕ್ಯವು ಸತ್ಯ. ‘ಎಲ್ಲ ಸಂಖ್ಯೆಗಳಿಗಿಂತಲೂ ದೊಡ್ಡದಾದ ಸಂಖ್ಯೆಯೊಂದುಂಟು’ ಎಂದು ಪದಕ್ರಮವನ್ನು ತಿರುಗಿಸಿದರೆ ವಾದಿಯು ಮೊದಲು ಆರಿಸಬೇಕಾಗುವುದು, ಆಗ ಅದೇ ಉಪಾಯವು ಪ್ರತಿವಾದಿಯ ಕೈಗೆ ಹೋಗುವುದು, ವಾಕ್ಯವು ಅಸತ್ಯವಾಗುವುದು. ‘ಅಥವಾ’ ಎಂಬಲ್ಲಿ ಆಯ್ಕೆ ವಾದಿಯದು. ‘ಮತ್ತು’ ಎಂಬಲ್ಲಿ ಪ್ರತಿವಾದಿಯದು. ‘ಅಲ್ಲ’ ಎಂಬುದು ಬಂದೊಡನೆ ಇಬ್ಬರೂ ಪಕ್ಷಗಳನ್ನು ಬದಲಾಯಿಸಿಕೊಳ್ಳುವರು.

ವಾಕ್ಯವು ಸತ್ಯವಾಗುವುದು ವಾದಿಯು ಗೆದ್ದುದರಿಂದಲ್ಲ, ಅವನಿಗೆ ಜಯೋಪಾಯವಿರುವುದರಿಂದ. ಜಯೋಪಾಯವಿದ್ದೂ ಅವಿವೇಕಿಯಾದ ವಾದಿಯು ಸೋಲಬಹುದು; ಅದರಿಂದ ವಾಕ್ಯಕ್ಕೆ ಲೋಪವಿಲ್ಲ. ಅಸತ್ಯವಾಕ್ಯದ ವಾದಿಯು ಎದುರಾಳಿಯ ಪ್ರಮಾದದಿಂದ ಗೆಲ್ಲಬಹುದು. ಅದರಿಂದ ವಾಕ್ಯಕ್ಕೆ ಲಾಭವಿಲ್ಲ.

೪

ಈಗ ಮೊದಲನೆಯ ಪಕ್ಷವನ್ನು ಪರೀಕ್ಷಿಸೋಣ. ನ್ಯಾಯಶಾಸ್ತ್ರದ ಹದಿನಾರು ಪದಾರ್ಥಗಳಲ್ಲಿ ವಾದ, ಜಲ್ಪ, ವಿತಂಡಾ, ಹೇತ್ವಾಭಾಸ, ಛಲ, ಜಾತಿ, ನಿಗ್ರಹಸ್ಥಾನ ಎಂಬ ಕೊನೆಯ ಏಳೂ ಕಥಾವಿಚಾರಕ್ಕೆ ಸೇರಿದುವು. ಛಲವು ಮೂರು ಬಗೆ, ಜಾತಿಯು ಇಪ್ಪತ್ತನಾಲ್ಕು, ನಿಗ್ರಹಸ್ಥಾನವು ಇಪ್ಪತ್ತೆರಡು ಎಂದು ಲೆಕ್ಕವಿದೆ. ಇಬ್ಬರು ವಾದಿಗಳು, ಸರದಿಯ ಮಾತು, ಸೋಲಿನ ಲಕ್ಷಣಗಳ ಪಟ್ಟಿ, ಎಲ್ಲವೂ ಇಲ್ಲಿರುವುದರಿಂದ ಇದೂ ಆಟವೇ ಎಂದು ಹೇಳಲು ಅಡ್ಡಿಯಿಲ್ಲ. ನಮ್ಮ ನಾಡಿನಲ್ಲಿ ಈ ಆಟವು ಎಷ್ಟು ಪ್ರಬಲವಾಗಿದ್ದಿತೆಂಬುದಕ್ಕೆ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ, ಶಕ ೧೦೫೦ರ ಮಲ್ಲಿಷೇಣ ಪ್ರಶಸ್ತಿಯೇ ಸಾಕ್ಷಿ. ಅದರಲ್ಲಿ ಊರೂರಿಗೆ ಹೋಗಿ ವಾದಭೇರಿಯನ್ನು ಹೊಡೆದ ಸಮಂತಭದ್ರರ ಪ್ರತಾಪವು ವರ್ಣಿತವಾಗಿದೆ. ಮಧ್ವಾಚಾರ್ಯರು ಕಥಾಲಕ್ಷಣವೆಂಬ ಪ್ರಕರಣವನ್ನೇ ರಚಿಸಿ ಈ ಮೂರು ಕಥೆಗಳ ಸ್ವರೂಪವನ್ನು ನಿರ್ಣಯಿಸಿದರು; ಜಯತೀರ್ಥರು ಅದಕ್ಕೆ ಟೀಕೆಯನ್ನು ಬರೆದರು.

ಆದರೆ ಈ ಕಥೆಗಳಲ್ಲಿ ನಿರ್ಣಯವಾಗುವುದು ಯಾವುದು? ಜಲ್ಪದಲ್ಲಿ ಪ್ರತಿವಾದಿಯು ನಿಗ್ರಹಸ್ಥಾನಕ್ಕೆ ಒಳಗಾದರೆ ಅವನು ಸೋತನು. ಅವನ ಪಕ್ಷವು ಅಸತ್ಯವೆಂದು ಅದರಿಂದ ಸಿದ್ಧವಾಗದು. ಉತ್ತರ ತೋರದೆ ಸುಮ್ಮನಿದ್ದರೂ ನಿಗ್ರಹವೇ. ಹೇಳಿದುದನ್ನೇ ವ್ಯರ್ಥವಾಗಿ ಮತ್ತೆ ಹೇಳಿದರೂ ನಿಗ್ರಹವೇ. ಇವು ವಾದಿಯ ದೋಷಗಳು, ವಸ್ತುವಿನ ದೋಷಗಳಲ್ಲ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ತಿಳಿದಿದ್ದರು. ಮೊಳಕೆಯನ್ನು ಕಾಯಲು ಮುಳ್ಳಿನ ಬೇಲಿಯನ್ನು ಕಟ್ಟುವಂತೆ ತತ್ತ್ವನಿಶ್ಚಯವನ್ನು ಕಾಯಲು ಜಲ್ಪವಿತಂಡೆಗಳೆಂದು ಸೂತ್ರಕಾರರೇ ಅವುಗಳ ಸ್ಥಾನವನ್ನು ಗೊತ್ತುಮಾಡಿರುವರು. ಬೇಲಿಯು ಬೆಳೆಯಲ್ಲ. ಜೈನತಾರ್ಕಿಕರಾದ ಅಕಲಂಕರು ಇನ್ನೂ ಮುಂದೆ ಹೋಗಿ, ಸ್ವಪಕ್ಷವನ್ನು ಸಿದ್ಧಪಡಿಸದೆ ಪರರ ತಪ್ಪನ್ನು ತೋರಿಸಿದ ಮಾತ್ರಕ್ಕೆ ಜಯವಿಲ್ಲವೆಂದು ಸಾಧಿಸಿದರು. ಗೆಲವಿನಿಂದ ಸತ್ಯವು ಸಿದ್ಧವಾಗದೆಂಬ ಆತಂಕವು ನಮ್ಮ ಶಾಸ್ತ್ರದಲ್ಲಿ ಸಾವಿರ ವರ್ಷಗಳಿಗೂ ಹಿಂದಿನಿಂದ ಇದೆ.

ಆ ಆತಂಕಕ್ಕೆ ಪರಿಹಾರವಾಗಿ ನಮ್ಮವರು ವಾದವನ್ನು ಜಲ್ಪದಿಂದ ಬೇರ್ಪಡಿಸಿದರು. ಎಂದರೆ ವಾದಿಗಳ ಪ್ರಯೋಜನವನ್ನು ಶುದ್ಧಪಡಿಸಿದರು. ರಾಗದ್ವೇಷವಿಲ್ಲದೆ ತತ್ತ್ವವನ್ನು ತಿಳಿಯಲೆಳಸುವವರು ಆಡುವ ಕಥೆಯೇ ವಾದ. ಆಧುನಿಕರು ಹಾಗೆ ಮಾಡಲಿಲ್ಲ. ಅವರು ವಾದಿಗಳ ಮನಸ್ಸನ್ನು ಮುಟ್ಟಲಿಲ್ಲ. ಆಡಬಹುದಾದ ಆಟಗಳೆಲ್ಲವನ್ನೂ ಒಟ್ಟಿಗೆ ನೋಡಿ, ‘ಎದುರಾಳಿಯು ಏನು ಮಾಡಿದರೂ’ ಎಂಬ ಮಾತನ್ನು ಲಕ್ಷಣದೊಳಗೇ ಸೇರಿಸಿದರು. ಅಲ್ಲಿ ವಾದಿಯು ಸಜ್ಜನನಾಗಬೇಕಾಗಿಲ್ಲ; ಪ್ರತಿವಾದಿಯು ಎಷ್ಟು ಕುಟಿಲನಾದರೆ ಅಷ್ಟೂ ಒಳ್ಳೆಯದು. ರೋಗ ಒಂದೇ, ಔಷಧಗಳು ಬೇರೆ. ಎರಡೂ ಒಂದೇ ಎನ್ನುವವರು ನಮ್ಮ ಔಷಧದ ವೈಶಿಷ್ಟ್ಯವನ್ನೂ ಅರಿಯರು, ಅವರದನ್ನೂ ಅರಿಯರು.

ನಮ್ಮ ಕಥಾಶಾಸ್ತ್ರಕ್ಕೆ ನಿಜವಾಗಿಯೂ ಹತ್ತಿರವಾದುದು ಜರ್ಮನಿಯ ಪೌಲ್ ಲೊರೆಂಟ್ಸೆನ್ ೧೯೫೮ರಲ್ಲಿ ಆರಂಭಿಸಿ, ಕೂನೋ ಲೊರೆಂಟ್ಸ್ ಮುಂದುವರಿಸಿದ ಸಂವಾದತರ್ಕವು. ಇದರಲ್ಲಿ ವಾದಿಯು ಪ್ರತಿಜ್ಞೆಯನ್ನು ಮಾಡುವನು, ಪ್ರತಿವಾದಿಯು ಆಕ್ಷೇಪಿಸುವನು, ವಾದಿಯು ಸಮಾಧಾನ ಹೇಳುವನು. ಒಂದು ಮುಖ್ಯ ನಿಯಮವುಂಟು: ಬಿಡಿಸಲಾಗದ ಸರಳವಾಕ್ಯವನ್ನು ಪ್ರತಿವಾದಿಯು ತಾನೇ ಮೊದಲು ಹೇಳಿದ ಹೊರತು ವಾದಿಯು ಹೇಳಕೂಡದು. ಆದುದರಿಂದ ವಾದಿಯ ಗೆಲವು ಪ್ರತಿವಾದಿಯು ಒಪ್ಪಿಕೊಂಡುದರಿಂದಲೇ ಬರಬೇಕು.

‘ಕ ಎಂಬುದು ದಿಟ, ಅಥವಾ ಕ ಎಂಬುದು ದಿಟವಲ್ಲ’ ಎಂದು ವಾದಿಯ ಪ್ರತಿಜ್ಞೆಯೆಂದಿಟ್ಟುಕೊಳ್ಳೋಣ. ‘ಕ’ ಎಂಬುದು ಸರಳವಾಕ್ಯ. ‘ಎರಡರಲ್ಲಿ ಯಾವುದು?’ ಎಂದು ಪ್ರತಿವಾದಿಯು ಕೇಳುವನು. ‘ಕ’ ಎಂದು ಹೇಳಲು ವಾದಿಗೆ ಅಧಿಕಾರವಿಲ್ಲ. ಆದುದರಿಂದ ‘ಕ ದಿಟವಲ್ಲ’ ಎನ್ನುವನು. ಅದನ್ನು ಆಕ್ಷೇಪಿಸುವ ಬಗೆ ಒಂದೇ: ಪ್ರತಿವಾದಿಯು ‘ಕ ದಿಟ’ ಎಂದು ತಾನೇ ಹೇಳುವನು. ಸರಳವಾಕ್ಯವನ್ನು ಆಕ್ಷೇಪಿಸಲಾಗದುದರಿಂದ ಈಗ ವಾದಿಗೆ ದಾರಿಯಿಲ್ಲ. ಆದರೆ ಮೊದಲ ಪ್ರಶ್ನೆಗೆ ಹಿಂದಿರುಗಿ ಬೇರೆ ಉತ್ತರ ಕೊಡಲು ಅವಕಾಶವಿದ್ದರೆ, ಅವನು ‘ಕ’ ಎನ್ನಬಹುದು. ಪ್ರತಿವಾದಿಯು ಅದನ್ನು ಈಗಾಗಲೇ ಒಪ್ಪಿರುವನಲ್ಲವೇ? ವಾದಿಯು ಗೆಲ್ಲುವನು. ಹಿಂದಿರುಗಲು ಅವಕಾಶವಿಲ್ಲದೆ, ಉತ್ತರ ಬಾರದೆ ಉಳಿದ ಕೊನೆಯ ಆಕ್ಷೇಪಕ್ಕೇ ಸಮಾಧಾನ ಹೇಳಬೇಕೆಂದರೆ ಅವನು ಸೋಲುವನು. ಹಿಂದಿರುಗಲು ಬಿಡುವ ಆಟದಿಂದ ಅರಿಸ್ಟಾಟಲನ ಕಾಲದಿಂದ ಬಂದ ರೂಢಿಯ ತರ್ಕವು ದೊರೆಯುವುದು. ಬಿಡದ ಆಟದಿಂದ ಹಾಲೆಂಡಿನ ಬ್ರೌವರನ ಪಂಥದವರ ತರ್ಕವು ದೊರೆಯುವುದು. ಪ್ರಾಯಶಃ ಐವತ್ತು ವರ್ಷಗಳ ಕಾಲ ತತ್ತ್ವವಿವಾದವಾಗಿದ್ದ ಎರಡು ತರ್ಕಗಳ ಭೇದವು ಸಂವಾದದ ಒಂದು ನಿಯಮದ ಭೇದವಾಗಿ ಕಂಡುಬಂದಿತು.

ಹಿಂದಿನ ಉತ್ತರವನ್ನು ಬಿಟ್ಟು ಬೇರೊಂದನ್ನು ಹಿಡಿಯುವುದು ಪ್ರತಿಜ್ಞಾಸಂನ್ಯಾಸವೆಂಬ ನಿಗ್ರಹಸ್ಥಾನವಲ್ಲವೇ ಎಂದು ನಮ್ಮ ನೈಯಾಯಿಕರು ಇಲ್ಲಿ ಕೇಳಿಯಾರು. ಹಾಗಲ್ಲವೆಂದು ತೋರುವುದು. ಪ್ರತಿಜ್ಞೆಯು ವಿಕಲ್ಪವಾಕ್ಯವಷ್ಟೆ, ವಾದಿಯು ಅದನ್ನು ಬಿಟ್ಟಿಲ್ಲ, ಅದರ ಸಮರ್ಥನೆಯ ದಾರಿಯನ್ನು ಮಾತ್ರ ಬದಲಾಯಿಸಿರುವನು. ಆದರೆ ಇಂಥ ಬದಲಾವಣೆಯನ್ನು ಎಷ್ಟರಮಟ್ಟಿಗೆ ಸಹಿಸಬೇಕೆಂಬ ವಿಚಾರವನ್ನು ನಮ್ಮವರು ಸೂಕ್ಷ್ಮವಾಗಿ ಮಾಡಿರುವುದರಿಂದ, ಆ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ಒಂದೊಂದಾಗಿ ತೆಗೆದುಕೊಂಡು ‘ಇದನ್ನು ನಿಯಮವಾಗಿಟ್ಟರೆ ಯಾವ ತರ್ಕವು ದೊರೆಯುವುದು?’ ಎಂದು ಪರೀಕ್ಷಿಸುವುದು ನಮ್ಮ ವಿದ್ವಾಂಸರಿಗೆ ತಕ್ಕ ಕೆಲಸ. ‘ನಮ್ಮಲ್ಲಿ ಮೊದಲೇ ಇತ್ತು’ ಎಂದು ಹೇಳಿ ಕೈಕಟ್ಟಿ ಕುಳಿತುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

೫

ಇನ್ನು ಎರಡನೆಯ ಪಕ್ಷ. ಆಟವು ರೂಪಕಮಾತ್ರವೆಂಬ ಆಕ್ಷೇಪವು ಆ ದೇಶದವರಿಂದಲೇ ಬಂದಿದೆ. ಇಂಗ್ಲೆಂಡಿನ ವಿಲ್ಫ್ರಿಡ್ ಹಾಡ್ಜಸ್ ಎಂಬ ತರ್ಕಜ್ಞರು ಒಂದು ತೀಕ್ಷ್ಣವಾದ ಪ್ರಶ್ನೆಯನ್ನು ಕೇಳಿರುವರು: ಈ ಆಟಗಾರನು ಗೆಲ್ಲಲೆಳಸುವುದು ಏತಕ್ಕೆ? ಆ ಪ್ರಯೋಜನವನ್ನು ಹೇಳದಿದ್ದರೆ ಆಟದಿಂದ ತರ್ಕವನ್ನು ವಿವರಿಸಿದಂತಾಗುವುದೇ? ನಮ್ಮ ಶಾಸ್ತ್ರದಲ್ಲಿ ಪ್ರಯೋಜನವೂ ಹದಿನಾರು ಪದಾರ್ಥಗಳಲ್ಲಿ ಒಂದಾದುದರಿಂದ ಈ ಪ್ರಶ್ನೆಯು ನಮಗೆ ಅಪರಿಚಿತವಲ್ಲ. ಹಿಂಟಿಕ್ಕಾ ಅವರ ಮೇಲಣ ಉದಾಹರಣೆಯಲ್ಲಿ ಈ ಆಕ್ಷೇಪಕ್ಕೆ ಬಲವುಂಟೆಂದು ಒಪ್ಪಬೇಕು. ‘ಒಂದು ಸೇರಿಸು’ ಎಂಬ ಜಯೋಪಾಯವು ಗಣಿತದ ಒಂದು ಸಂಬಂಧವೇ ಹೊರತು ಬೇರೆಯಲ್ಲ. ವಾದಿಪ್ರತಿವಾದಿಗಳನ್ನು ತೆಗೆದುಹಾಕಿ ಆ ಸಂಬಂಧವೊಂದನ್ನೇ ಹೇಳಿದರೂ ಸತ್ಯಲಕ್ಷಣವು ಪೂರ್ಣವಾಗಿಯೇ ಇರುವುದು. ಅಲ್ಲಿ ಆಟವು ವ್ಯಾಖ್ಯಾನಕ್ಕೆ ಅಲಂಕಾರವಾಗಿದೆಯೆಂದೇ ಹೇಳಬೇಕು.

ಆದರೆ ಹಿಂಟಿಕ್ಕಾ ಅವರೇ ಗಾಬ್ರಿಯೆಲ್ ಸಾಂಡು ಅವರೊಡನೆ ೧೯೮೯ರಲ್ಲಿ ಪ್ರಕಟಿಸಿದ ವಿಚಾರದಲ್ಲಿ ಆಟವು ಅಲಂಕಾರವನ್ನು ಮೀರುವುದು. ಪ್ರತಿವಾದಿಯು ಮುಷ್ಟಿಯಲ್ಲಿ ಒಂದೋ ಎರಡೋ ಕವಡೆಗಳನ್ನು ಹಿಡಿಯುವನು. ವಾದಿಯು ಕಾಣದೆಯೇ ಆ ಸಂಖ್ಯೆಯನ್ನು ಹೇಳಬೇಕು. ವಾದಿಗೆ ಜಯೋಪಾಯವಿಲ್ಲ, ಏಕೆಂದರೆ ಯಾವ ಸಂಖ್ಯೆಯನ್ನು ಹೇಳಿದರೂ ತಪ್ಪಾಗಬಹುದು. ಪ್ರತಿವಾದಿಗೂ ಇಲ್ಲ, ಏಕೆಂದರೆ ವಾದಿಯ ಊಹೆಯು ಸರಿಯಾಗಬಹುದು. ಹೀಗೆ ಒಬ್ಬನ ಆಯ್ಕೆಯನ್ನು ಇನ್ನೊಬ್ಬನಿಗೆ ಮರೆಮಾಡುವ ಪದಗಳನ್ನು ಭಾಷೆಯಲ್ಲಿ ಸೇರಿಸಿದರೆ, ಸತ್ಯವೂ ಅಲ್ಲದ ಅಸತ್ಯವೂ ಅಲ್ಲದ ವಾಕ್ಯಗಳು ಹುಟ್ಟುವುವು. ಯಾರು ಯಾವುದನ್ನು ತಿಳಿದು ಆಡುವರು ಎಂಬ ಆಟದ ಭಾಷೆಯಿಂದಲೇ ಈ ಭೇದವು ಕಣ್ಣಿಗೆ ಬಿದ್ದುದು.

ಆಟವು ಕೇವಲ ಸಾಧನವಾಗಿ ಕೆಲಸಮಾಡುವ ಸ್ಥಳವನ್ನು ನೋಡಬೇಕಾದರೆ ಪೋಲೆಂಡಿನಿಂದ ಬಂದ ಆಂದ್ರೇಯ್ ಎರೆನ್‌ಫೊಯ್ಖ್ಟ್ ೧೯೬೧ರಲ್ಲಿ ವರ್ಣಿಸಿದ ಆಟವನ್ನು ನೋಡಬೇಕು. ಏಳು ಮಣಿಗಳ ಒಂದು ಸಾಲನ್ನೂ ಎಂಟು ಮಣಿಗಳ ಒಂದು ಸಾಲನ್ನೂ ಎಡದಿಂದ ಬಲಕ್ಕೆ ಇಟ್ಟಿದೆಯೆಂದು ಭಾವಿಸೋಣ. ಒಬ್ಬನು ಭೇದವಾದಿ, ಎರಡೂ ಬೇರೆಯೆಂದು ತೋರಿಸಲು ಅವನ ಪ್ರಯತ್ನ. ಇನ್ನೊಬ್ಬನು ಅಭೇದವಾದಿ. ಭೇದವಾದಿಯು ಯಾವ ಸಾಲಿನಿಂದಲಾದರೂ ಒಂದು ಮಣಿಯನ್ನು ಆರಿಸಲಿ. ಅಭೇದವಾದಿಯು ಇನ್ನೊಂದು ಸಾಲಿನಿಂದ ಒಂದು ಮಣಿಯನ್ನು ಆರಿಸಬೇಕು. ಹೀಗೆ ಮೂರು ಸರದಿ. ಕೊನೆಯಲ್ಲಿ ಆರಿಸಿದ ಮಣಿಗಳು ಎರಡು ಸಾಲುಗಳಲ್ಲಿಯೂ ಒಂದೇ ಕ್ರಮದಲ್ಲಿದ್ದರೆ ಅಭೇದವಾದಿಯು ಗೆದ್ದನು. ಮೂರು ಸರದಿಯ ಈ ಆಟದಲ್ಲಿ ಅಭೇದವಾದಿಗೆ ಜಯೋಪಾಯವುಂಟು: ಎದುರಾಳಿಯು ಯಾವುದಾದರೊಂದು ತುದಿಯ ಬಳಿ ಆರಿಸಿದರೆ ಆ ತುದಿಯಿಂದ ಅಷ್ಟೇ ದೂರದಲ್ಲಿ ತಾನೂ ಆರಿಸುವುದು, ನಡುವೆ ಆರಿಸಿದರೆ ಎರಡು ಪಕ್ಕಗಳಲ್ಲಿಯೂ ಸಾಕಷ್ಟು ಮಣಿಗಳು ಉಳಿಯುವಂತೆ ಆರಿಸುವುದು. ಆದರೆ ಆರು ಮತ್ತು ಏಳು ಮಣಿಗಳ ಸಾಲುಗಳಾದರೆ ಭೇದವಾದಿಯೇ ಗೆಲ್ಲುವನು. ಏಳರ ಸಾಲಿನ ನಟ್ಟನಡುವಿನ ಮಣಿಯನ್ನು ಅವನು ಹಿಡಿದನೆಂದರೆ ಆರರ ಸಾಲಿನಲ್ಲಿ ಯಾವುದನ್ನು ಆರಿಸಿದರೂ ಒಂದು ಪಕ್ಕದಲ್ಲಿ ಮೂರು ಮಣಿಗಳಿಗೆ ಜಾಗ ಸಾಲದು. ವಾಚಕರು ಹುಣಿಸೆಬೀಜಗಳನ್ನಿಟ್ಟು ಆಡಿ ನೋಡಬಹುದು.

ಇದರ ಫಲವೇನು? ‘ಪ್ರತಿಯೊಂದು ಮಣಿ’, ‘ಒಂದು ಮಣಿಯುಂಟು’ ಎಂಬ ಮಾತುಗಳನ್ನು ಒಂದರೊಳಗೊಂದಾಗಿ ಮೂರು ಮಡಿಕೆಗಳವರೆಗೆ ಸೇರಿಸಿ ಕಟ್ಟಿದ ಯಾವ ವಾಕ್ಯವೂ ಏಳು ಮಣಿಗಳ ಸಾಲನ್ನು ಎಂಟರ ಸಾಲಿನಿಂದ ಬೇರ್ಪಡಿಸಲಾರದು. ನಾಲ್ಕು ಮಡಿಕೆಗಳಾದರೆ ಹದಿನೈದಕ್ಕೂ ಹದಿನಾರಕ್ಕೂ, ಐದಾದರೆ ಮೂವತ್ತೊಂದಕ್ಕೂ ಮೂವತ್ತೆರಡಕ್ಕೂ ಇದೇ ಗತಿ. ಪ್ರತಿಯೊಂದು ಜೋಡಿಯಲ್ಲಿಯೂ ಒಂದು ಬೆಸ, ಒಂದು ಸರಿ. ಆದುದರಿಂದ ‘ಮಣಿಗಳ ಸಂಖ್ಯೆಯು ಸರಿಸಂಖ್ಯೆ’ ಎಂಬ ಸಾಧಾರಣವಾದ ಅರ್ಥವನ್ನು ಎಲ್ಲ ಸಾಲುಗಳಿಗೂ ಹೊಂದುವಂತೆ ಹೇಳುವ ವಾಕ್ಯವು ಆ ಭಾಷೆಯಲ್ಲಿ ಇಲ್ಲವೇ ಇಲ್ಲ. ಒಂದು ಭಾಷೆಯಲ್ಲಿ ಏನನ್ನು ಹೇಳಬಹುದೆಂದು ತೋರಿಸುವುದು ಸುಲಭ. ಏನನ್ನು ಎಂದಿಗೂ ಹೇಳಲಾಗದೆಂದು ತೋರಿಸುವುದು ಕಷ್ಟ, ಏಕೆಂದರೆ ವಾಕ್ಯಗಳು ಅನಂತ. ಆ ಅನಂತವಾಕ್ಯಗಳನ್ನು ಒಂದೊಂದಾಗಿ ಪರೀಕ್ಷಿಸುವ ಕೆಲಸವನ್ನು ಒಂದು ಜಯೋಪಾಯವು ತಪ್ಪಿಸಿತು.

ಇದು ಪಂಡಿತರ ಕುತೂಹಲಮಾತ್ರವಲ್ಲ. ಎಡ್ಗರ್ ಕಾಡ್ ೧೯೭೦ರಲ್ಲಿ ರೂಪಿಸಿದ, ಕೋಷ್ಟಕಗಳಲ್ಲಿ ದತ್ತಾಂಶಗಳನ್ನಿಡುವ ಪದ್ಧತಿಯ ಮೂಲಪ್ರಶ್ನಭಾಷೆಯು ಇದೇ ತರದ ತರ್ಕಭಾಷೆ. ತಂದೆಮಕ್ಕಳ ಹೆಸರುಗಳ ಕೋಷ್ಟಕವಿದ್ದರೆ ‘ಇವನ ಮುತ್ತಾತನಾರು?’ ಎಂದು ಕೇಳಬಹುದು. ‘ಎಷ್ಟು ತಲೆಮಾರುಗಳ ಹಿಂದಾದರೂ ಆಗಲಿ, ಇವನು ಅವನ ವಂಶದವನೇ?’ ಎಂದು ಕೇಳಲಾಗದು. ಅದಕ್ಕೆ ಭಾಷೆಯನ್ನೇ ಬೆಳೆಸಬೇಕು. ಇದನ್ನೂ ಇಂಥ ಆಟದಿಂದ ಸಾಧಿಸಬಹುದು.

ಇಲ್ಲ, ಇಲ್ಲಿಯೂ ಆಟವು ಅನಿವಾರ್ಯವಲ್ಲವೆಂದು ಪೂರ್ವಪಕ್ಷಿಯು ಹೇಳಬಹುದು. ಇದೇ ತತ್ತ್ವವನ್ನು ಫ್ರಾನ್ಸಿನ ರೋಲಾಂ ಫ್ರೈಸ್ಸೆ ೧೯೫೦ರ ದಶಕದಲ್ಲಿಯೇ ಆಟದ ಹೆಸರೆತ್ತದೆ ಹೇಳಿದ್ದನು. ನಿಜ. ಆದುದರಿಂದ ‘ತೆಗೆದುಹಾಕಬಹುದೇ?’ ಎಂಬುದೊಂದೇ ಪರೀಕ್ಷೆಯಾಗಲಾರದು. ಶಾಸ್ತ್ರದಲ್ಲಿ ಲಾಘವವೂ ಒಂದು ಗುಣ. ಆಟದ ರೂಪದಲ್ಲಿ ಹೇಳಿದ ಮೇಲೆ ಜಯೋಪಾಯವನ್ನು ಹುಡುಕುವುದು ಸುಲಭವಾಯಿತು. ನಡೆಗಳ ಸಂಖ್ಯೆಯನ್ನು ಎಣಿಸಿದರೆ ವಾಕ್ಯದ ಆಳವು ಗೊತ್ತಾಯಿತು. ನಿಯಮವನ್ನು ಬದಲಾಯಿಸಿದರೆ ಬೇರೆ ಭಾಷೆಯ ಶಕ್ತಿಯೂ ಅಳತೆಗೆ ಸಿಕ್ಕಿತು. ರೂಪಕವು ಕಂಡುದನ್ನು ಚೆಲುವಾಗಿ ಹೇಳುವುದು. ಸಾಧನವು ಕಾಣದುದನ್ನು ಕಾಣಿಸುವುದು. ಈ ಲಕ್ಷಣದಂತೆ ಎರೆನ್‌ಫೊಯ್ಖ್ಟನ ಆಟವು ಸಾಧನವೇ.

ಮತ್ತೊಂದು ನಿದರ್ಶನ. ಲಿಫ್ಟನ್ನು ನಡೆಸುವ ಯಂತ್ರವನ್ನು ತೆಗೆದುಕೊಳ್ಳೋಣ. ಜನರು ಯಾವ ಕ್ಷಣದಲ್ಲಿ ಯಾವ ಗುಂಡಿಯನ್ನು ಒತ್ತುವರೋ ತಿಳಿಯದು. ಯಂತ್ರವು ಪ್ರತಿಯೊಂದು ಕರೆಗೂ ಎಂದಾದರೊಮ್ಮೆ ಓಗೊಡಬೇಕು. ಚಲಿಸುವಾಗ ಬಾಗಿಲು ತೆರೆಯಕೂಡದು. ಇಲ್ಲಿ ಲೋಕವೇ ಪ್ರತಿವಾದಿ, ಯಂತ್ರವೇ ವಾದಿ, ಆಟಕ್ಕೆ ಕೊನೆಯಿಲ್ಲ. ಇಂಥ ನಿಯಮಗಳನ್ನು ಕೊಟ್ಟರೆ ಅವನ್ನು ತಪ್ಪದೆ ಪಾಲಿಸುವ ಯಂತ್ರವನ್ನು ಲೆಕ್ಕದಿಂದಲೇ ಕಟ್ಟಬಹುದೇ ಎಂದು ಅಮೆರಿಕೆಯ ಅಲೊಂಜೊ ಚರ್ಚ್ ೧೯೫೭ರಲ್ಲಿ ಕೇಳಿದನು. ೧೯೬೯ರಲ್ಲಿ ಬ್ಯೂಖಿ ಮತ್ತು ಲ್ಯಾಂಡ್‌ವೆಬರ್ ಉತ್ತರವಿತ್ತರು: ನಿಯಮಗಳು ಒಂದು ನಿರ್ದಿಷ್ಟ ತರ್ಕಭಾಷೆಯಲ್ಲಿದ್ದರೆ ಇಬ್ಬರಲ್ಲಿ ಒಬ್ಬನಿಗೆ ಜಯೋಪಾಯವು ಇದ್ದೇ ಇರುವುದು, ಯಾರಿಗೆಂಬುದನ್ನು ಲೆಕ್ಕದಿಂದ ತಿಳಿಯಬಹುದು, ಆ ಜಯೋಪಾಯವನ್ನು ಮಿತವಾದ ಸ್ಮೃತಿಯುಳ್ಳ ಯಂತ್ರದಿಂದಲೇ ನಡೆಸಬಹುದು. ವಾದಿಗೆ ಜಯೋಪಾಯವಿದ್ದರೆ ಅದೇ ನಿರ್ದುಷ್ಟವಾದ ಯಂತ್ರ. ಈ ಮಾರ್ಗದಿಂದ ಬೆಳೆದ ‘ಸರಿಬೆಸದಾಟ’ಗಳನ್ನು ಎಷ್ಟು ಬೇಗ ನಿರ್ಣಯಿಸಬಹುದೆಂಬ ಪ್ರಶ್ನೆಯಲ್ಲಿ ಕಲೂಡೆ ಮತ್ತು ಅವರ ನಾಲ್ವರು ಸಹೋದ್ಯೋಗಿಗಳು ೨೦೧೭ರಲ್ಲಿ ಬಹಳ ಮುಂದುವರಿದ ಒಂದು ಕ್ರಮವನ್ನು ಕೊಟ್ಟರು.

ಸಾಹಿತ್ಯಾಧ್ಯಾಪಕರಿಗೆ ಇನ್ನೊಂದು ಸಂಗತಿಯು ರುಚಿಸಬಹುದು. ಕ್ರಮವಿಧಿಯ ‘ಅರ್ಥ’ವೇನೆಂಬ ಪ್ರಶ್ನೆಗೆ ಅಬ್ರಾಮ್ಸ್ಕಿ, ಜಗದೀಶನ್, ಮಲಕಾರಿಯಾ ಎಂಬ ಮೂವರೂ, ಹೈಲೆಂಡ್ ಮತ್ತು ಓಂಗ್ ಎಂಬ ಇಬ್ಬರೂ ೧೯೯೦ರ ದಶಕದಲ್ಲಿ ಬೇರೆಬೇರೆಯಾಗಿ ಒಂದೇ ಬಗೆಯ ಉತ್ತರವನ್ನು ಕೊಟ್ಟರು, ಎರಡು ಪ್ರಬಂಧಗಳೂ ೨೦೦೦ದಲ್ಲಿ ಅಚ್ಚಾದುವು. ಕ್ರಮವಿಧಿಯ ಅರ್ಥವೆಂದರೆ ತನ್ನ ಸುತ್ತಣ ಕ್ರಮವಿಧಿಗಳೊಡನೆ ಅದು ನಡೆಸುವ ಪ್ರಶ್ನೋತ್ತರದ ನಿಯಮ. ಅಲ್ಲಿಯೂ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕೆಂಬ ನಿಯಮವುಂಟು. ಅದನ್ನು ಸಡಿಲಿಸಿದರೆ ನಡುವೆಯೇ ಹೊರಕ್ಕೆ ನೆಗೆಯಬಲ್ಲ ಕ್ರಮವಿಧಿಗಳು ದೊರೆಯುವುವು. ಲೊರೆಂಟ್ಸೆನ್ನನ ಸಂವಾದದಲ್ಲಿ ನಾವು ಕಂಡ ನಿಯಮವೇ ಇದು ಎಂಬುದನ್ನು ವಾಚಕರು ಗಮನಿಸಬೇಕು.

೬

ಆಟವೂ ಗಣಕಯಂತ್ರವೂ ಎಂದೊಡನೆ ಜನರ ಮನಸ್ಸಿಗೆ ಬರುವುದು ಇವಾವುದೂ ಅಲ್ಲ, ಚದುರಂಗವಾಡುವ ಯಂತ್ರ. ೧೯೫೦ರಲ್ಲಿ ಕ್ಲಾಡ್ ಶಾನನ್ ಯಂತ್ರಕ್ಕೆ ಚದುರಂಗವನ್ನು ಕಲಿಸುವ ಬಗೆಯನ್ನು ಬರೆದನು. ಅದೇ ವರ್ಷ ಆಲನ್ ಟ್ಯೂರಿಂಗ್ ‘ಅನುಕರಣದ ಆಟ’ವನ್ನು ವರ್ಣಿಸಿ, ಯಂತ್ರವು ಯೋಚಿಸಬಲ್ಲುದೇ ಎಂಬ ಪ್ರಶ್ನೆಗೆ ಆ ಆಟವನ್ನು ಬದಲಾಗಿ ನಿಲ್ಲಿಸಿದನು. ೧೯೯೭ರಲ್ಲಿ ಡೀಪ್ ಬ್ಲೂ ಯಂತ್ರವು ಕಾಸ್ಪರೋವನನ್ನು ಆರು ಆಟಗಳ ಪಂದ್ಯದಲ್ಲಿ ಮೂರೂವರೆಗೆ ಎರಡೂವರೆಯಂತೆ ಸೋಲಿಸಿತು. ೨೦೧೬ರಲ್ಲಿ ಆಲ್ಫಾಗೋ ‘ಗೋ’ ಎಂಬ ಆಟದಲ್ಲಿ ಲೀ ಸೆಡಾಲನನ್ನು ನಾಲ್ಕಕ್ಕೆ ಒಂದರಂತೆ ಸೋಲಿಸಿತು.

ಇವೆಲ್ಲವೂ ಗೆಲವುಗಳು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಜಲ್ಪದ ಜಯಗಳು. ಡೀಪ್ ಬ್ಲೂ ಗೆದ್ದುದರಿಂದ ಚದುರಂಗದಲ್ಲಿ ಬಿಳಿಯ ಕಾಯಿಯವನಿಗೆ ಜಯೋಪಾಯವುಂಟೇ ಎಂಬ ಜೆರ್ಮೆಲೋವಿನ ಪ್ರಶ್ನೆಯು ಎಳ್ಳಷ್ಟೂ ಮುಂದುವರಿಯಲಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನವೆಂದರೆ ಕೆನಡಾದ ಜೊನಾಥನ್ ಷೆಫರ್ ಮತ್ತು ಸಹಾಯಕರು ೧೯೮೯ರಿಂದ ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ಕೆಲಸ. ಎಂಟೆಂಟು ಮನೆಗಳ ಡ್ರಾಫ್ಟ್ಸ್ ಆಟದಲ್ಲಿ ಇಬ್ಬರೂ ತಪ್ಪಿಲ್ಲದೆ ಆಡಿದರೆ ಸಮವೇ ಆಗುವುದೆಂದು ಅವರು ಯಂತ್ರದಿಂದ ಸಾಧಿಸಿದರು. ಯಾರನ್ನೂ ಸೋಲಿಸದ ಈ ಕೆಲಸವು ನಿರ್ಣಯ. ಲೋಕಪ್ರಸಿದ್ಧವಾದ ಆ ಪಂದ್ಯಗಳು ನಿರ್ಣಯಗಳಲ್ಲ. ಪತ್ರಿಕೆಗಳಲ್ಲಿ ಮೊದಲನೆಯದಕ್ಕೆ ಸಿಕ್ಕಿದ ಸ್ಥಳ ಸ್ವಲ್ಪ, ಎರಡನೆಯದಕ್ಕೆ ಬಹಳ. ಚದುರಂಗಕ್ಕೆ ಇಂಥ ನಿರ್ಣಯವು ಎಷ್ಟು ದೂರವೆಂಬುದನ್ನೂ ಊಹಿಸಬಹುದು: ಮಣೆಯನ್ನು ಬೇಕಾದಷ್ಟು ದೊಡ್ಡದು ಮಾಡಿ ಆಡುವ ಚದುರಂಗದಲ್ಲಿ ಜಯೋಪಾಯವು ಯಾರಿಗೆಂದು ತಿಳಿಯಲು ಬೇಕಾಗುವ ಲೆಕ್ಕವು ಮಣೆಯ ಅಳತೆಯೊಡನೆ ಘಾತರೂಪವಾಗಿ ಬೆಳೆಯುವುದೆಂದು ಫ್ರೆಂಕೆಲ್ ಮತ್ತು ಲಿಕ್ಟೆನ್‌ಸ್ಟೈನ್ ೧೯೮೧ರಲ್ಲಿ ಸಾಧಿಸಿರುವರು.

ಗೆಲ್ಲುವ ಯಂತ್ರಗಳನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಬೇಲಿಯಿಲ್ಲದೆ ಬೆಳೆಯೂ ನಿಲ್ಲದು. ಆದರೆ ಈ ದಿನಗಳಲ್ಲಿ ಯಂತ್ರವು ಮನುಷ್ಯನನ್ನು ಮಾತಿನಲ್ಲಿ ಗೆದ್ದಿತೆಂದೊಡನೆ ಅದು ಹೇಳಿದುದೇ ಸತ್ಯವೆಂದು ನಂಬುವ ಅಭ್ಯಾಸವು ಬೆಳೆಯುತ್ತಿರುವುದರಿಂದ, ಸಭೆಯಲ್ಲಿ ಗೆಲ್ಲುವುದಕ್ಕೂ ತತ್ತ್ವವು ಸಿದ್ಧವಾಗುವುದಕ್ಕೂ ನಮ್ಮ ನೈಯಾಯಿಕರು ಎಳೆದ ಗೆರೆಯನ್ನು ಮತ್ತೊಮ್ಮೆ ಎಳೆದು ತೋರಿಸುವುದು ಅವಶ್ಯಕವಾಗಿದೆ.

೭

ಕೊನೆಯದಾಗಿ ಪರಿಭಾಷೆಯನ್ನು ಕುರಿತು ಎರಡು ಮಾತು. ಜಯೋಪಾಯವೆಂದು ನಾವು ಹೇಳಿದ ವಸ್ತುವನ್ನು ಕನ್ನಡದಲ್ಲಿ ‘ತಂತ್ರ’ವೆಂದು ಕರೆಯುವ ವಾಡಿಕೆಯುಂಟು. ‘ತಂತ್ರ’ವೆಂದರೆ ಲೋಕದಲ್ಲಿ ಕೈವಾಡ, ಕುಯುಕ್ತಿ ಎಂಬ ಅರ್ಥವು ತೋರುವುದು. ಎದುರಾಳಿಯನ್ನು ಮೋಸಗೊಳಿಸದೆ, ಎಲ್ಲವನ್ನೂ ಅವನ ಮುಂದೆಯೇ ಇಟ್ಟು ಗೆಲ್ಲುವ ನಿಯಮಕ್ಕೆ ಆ ಹೆಸರು ಒಗ್ಗದು. ‘ವಿಧಿ’ಯೆಂಬುದು ಮೀಮಾಂಸಕರಿಗೆ ಸಮ್ಮತವಾದರೂ ಕನ್ನಡಿಗರಿಗೆ ಹಣೆಬರಹವಾಗಿ ಕೇಳಿಸುವುದು. ‘ಜಯೋಪಾಯ’ವೂ ನಿರ್ದೋಷವೆಂದು ನಮ್ಮ ಹಟವಿಲ್ಲ, ಗೆಲವಿನಿಂದ ಅದನ್ನು ಬೇರ್ಪಡಿಸುವ ಯಾವುದಾದರೊಂದು ಶಬ್ದವು ಪಠ್ಯಪುಸ್ತಕಗಳಲ್ಲಿ ನೆಲೆಗೊಂಡರೆ ಸಾಕು. ಎರಡಕ್ಕೂ ಒಂದೇ ಶಬ್ದವನ್ನು ಬಳಸಿದರೆ ಹುಡುಗರಿಗೆ ಶಾಸ್ತ್ರದ ತಿರುಳೇ ತಪ್ಪಿಹೋಗುವುದು.

ಒಟ್ಟಿನಲ್ಲಿ ಸಿದ್ಧಾಂತವಿಷ್ಟು. ಆಧುನಿಕರ ಆಟವು ನಮ್ಮ ವಾದವಲ್ಲ. ವಾದಜಲ್ಪಗಳ ಭೇದವನ್ನು ಹುಟ್ಟಿಸಿದ ಚಿಂತೆಯೇ ಬೇರೆ ಮಾರ್ಗದಲ್ಲಿ ಅಲ್ಲಿ ಪರಿಹಾರವನ್ನು ಹುಡುಕಿದೆ. ಆಟವು ಎಲ್ಲೆಡೆಯೂ ರೂಪಕವೂ ಅಲ್ಲ, ಎಲ್ಲೆಡೆಯೂ ಸಾಧನವೂ ಅಲ್ಲ. ಕಾಣದುದನ್ನು ಅದು ಎಲ್ಲಿ ಕಾಣಿಸುವುದೋ ಅಲ್ಲಿ ಸಾಧನ. ನಿಗ್ರಹಸ್ಥಾನಗಳನ್ನು ಆಟದ ನಿಯಮಗಳಾಗಿ ಪರೀಕ್ಷಿಸುವ ಕೆಲಸವು ನ್ಯಾಯವನ್ನೂ ಗಣಿತವನ್ನೂ ಬಲ್ಲ ತರುಣರಿಗಾಗಿ ಕಾದಿದೆ. ಈ ಲೇಖನದಲ್ಲಿ ದೋಷಗಳು ಕಂಡಲ್ಲಿ ವಿದ್ವಾಂಸರು ವಾದದ ಮರ್ಯಾದೆಯಿಂದ ತಿದ್ದಬೇಕೆಂದು ವಿಜ್ಞಾಪನೆ.